ಮಲೆನಾಡಿನ ಬಿಸಿಲಲ್ಲಿ ಎಫ್/1.4 ಲೆನ್ಸ್: ಯಾವ ಎನ್‌ಡಿ ಫಿಲ್ಟರ್ ಯಾರಿಗೆ, ಯಾರಿಗೆ ಬೇಡವೇ ಬೇಡ

ಮಳೆಗಾಲ ಮುಗಿದ ಮೇಲೆ ಮಲೆನಾಡಿನ ಬಿಸಿಲು ಕಣ್ಣು ಕುಕ್ಕುತ್ತದೆ. ಗಾಳಿಯಲ್ಲಿದ್ದ ಧೂಳೆಲ್ಲ ತೊಳೆದು ಹೋಗಿರುತ್ತದೆ. ಆಕಾಶ ನೀಲಿ, ನೆರಳು ಕಪ್ಪು. ಅಡಿಕೆ ಕೊಯ್ಲು ಶುರುವಾಗುತ್ತದೆ, ಅದರ ಹಿಂದೆಯೇ ಮದುವೆ ಸೀಸನ್. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಕ್ಯಾಮೆರಾ ಹಿಡಿದವರೆಲ್ಲ ಎಫ್/1.8, ಎಫ್/1.4 ಲೆನ್ಸ್ ಹಾಕಿಕೊಂಡು ಹೊರಗೆ ಬರುವುದೂ ಆಗಲೇ. ಹನ್ನೊಂದು ಗಂಟೆಗೆ ಅಂಗಳದಲ್ಲಿ ನಿಂತು ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ; ಎಫ್ ಅಂಕಿ ಕಡಿಮೆಯಾದಷ್ಟೂ ಅದು ದೊಡ್ಡದು) ಪೂರ್ತಿ ತೆರೆದರೆ ಶಟರ್ ಸ್ಪೀಡಿನ ಅಂಕಿ ಮಿಣುಕತೊಡಗುತ್ತದೆ. ಒತ್ತಿದರೆ ಫೋಟೊ ಬೆಳ್ಳಗೆ. ಪಕ್ಕದಲ್ಲಿದ್ದವರು ಹೇಳುತ್ತಾರೆ: "ಒಂದು ವೇರಿಯಬಲ್ ಎನ್‌ಡಿ ತಗೊಳ್ಳಿ ಸಾರ್, ಎಲ್ಲದಕ್ಕೂ ಆಗುತ್ತೆ."

ಎನ್‌ಡಿ ಅಂದರೆ ಲೆನ್ಸ್ ಮುಂದೆ ಹಾಕಿ ಬೆಳಕನ್ನು ಕಡಿಮೆ ಮಾಡುವ ಕಪ್ಪು ಗಾಜು. ಎಷ್ಟು ಕಡಿಮೆ ಅನ್ನುವುದನ್ನು ರಿಂಗ್ ತಿರುಗಿಸಿ ಬದಲಿಸಬಹುದಾದದ್ದು ವೇರಿಯಬಲ್. ಅದು ಎಲ್ಲದಕ್ಕೂ ಆಗಲ್ಲ. ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯುವವರಿಗೆ ಬೇಕಾದ ಗಾಜು ಬೇರೆ, ಫ್ಲ್ಯಾಶ್ ಹೊಡೆಯುವವರಿಗೆ ಬೇರೆ, ವಿಡಿಯೊದವರಿಗೆ ಬೇರೆ. ಕೆಲವರಿಗಂತೂ ಏನೂ ಬೇಕಾಗಿಲ್ಲ. ನಿಮ್ಮ ಕೆಲಸದಲ್ಲಿ ಬೆಳಕು ಎಷ್ಟು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಇಲ್ಲ ಅರ್ಧ) ಜಾಸ್ತಿಯಾಗುತ್ತಿದೆ ಅಂತ ಮೊದಲು ಲೆಕ್ಕ ಹಾಕಿ. ಅಷ್ಟನ್ನು ತಡೆಯುವ ಗಾಜು ಒಂದೇ ಒಂದು ತಗೊಳ್ಳಿ. ಆ ಲೆಕ್ಕ ಏನೂ ಕಷ್ಟದ್ದಲ್ಲ.

ಮೊದಲು ಲೆಕ್ಕ

ಫಿಲ್ಮ್ ಕಾಲದ ಒಂದು ಅಂದಾಜು ಇವತ್ತಿಗೂ ನಡೆಯುತ್ತದೆ. ನೇರ ಬಿಸಿಲಿದ್ದಾಗ ಎಫ್/16 ಇಟ್ಟರೆ, ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಎಷ್ಟಿದೆಯೋ ಶಟರ್ ಸ್ಪೀಡ್ ಕೂಡ ಹೆಚ್ಚುಕಡಿಮೆ ಅಷ್ಟೇ. ಐಎಸ್ಒ 100 ಆದರೆ 1/100 ಸೆಕೆಂಡ್. ಅಲ್ಲಿಂದ ಎಫ್/11, 8, 5.6, 4, 2.8, 2, 1.4 ಅಂತ ತೆರೆಯುತ್ತ ಬಂದರೆ ಒಟ್ಟು ಏಳು ಸ್ಟಾಪ್. ಪ್ರತಿ ಸ್ಟಾಪಿಗೂ ಬೆಳಕು ಎರಡು ಪಟ್ಟಾಗುತ್ತದೆ. ಹಾಗಾಗಿ ಎಫ್/1.4ಕ್ಕೆ 1/12800 ಬೇಕು. ಎಫ್/1.8ಕ್ಕೆ ಸುಮಾರು 1/8000. ಎಫ್/2.8ಕ್ಕೆ 1/3200 ಸಾಕು.

ಈಗ ನಿಮ್ಮ ಕ್ಯಾಮೆರಾ ನೋಡಿ. ಕಡಿಮೆ ಬೆಲೆಯ ಹೆಚ್ಚಿನ ಬಾಡಿಗಳಲ್ಲಿ ಮೆಕ್ಯಾನಿಕಲ್ (ಪರದೆ ಚಲಿಸುವ) ಶಟರ್ 1/4000ಕ್ಕೆ ನಿಲ್ಲುತ್ತದೆ. ಅದರ ಮೇಲಿನವು 1/8000. 1/4000 ಕ್ಯಾಮೆರಾಗೆ ಎಫ್/1.8 ಲೆನ್ಸ್ ಹಾಕಿದರೆ ಜಾಸ್ತಿಯಾಗೋದು ಒಂದೇ ಸ್ಟಾಪ್. ಎಫ್/1.4 ಹಾಕಿದರೆ ಎರಡಕ್ಕೆ ಸ್ವಲ್ಪ ಕಡಿಮೆ. 1/8000 ಕ್ಯಾಮೆರಾಗೆ ಎಫ್/1.4 ಹಾಕಿದರೆ ಮುಕ್ಕಾಲು ಸ್ಟಾಪ್ ಆಸುಪಾಸು. ಬಿಳಿ ಪಂಚೆ, ಬಿಳಿ ಶರ್ಟ್ ಇದ್ದಾಗ ನೇಯ್ಗೆ ಉಳಿಯಲಿ ಅಂತ ಇನ್ನೊಂದು ಸ್ಟಾಪ್ ಕಡಿಮೆ ಮಾಡುತ್ತೀರಿ ಅಂತಲೇ ಇಟ್ಟುಕೊಳ್ಳಿ. ಆಗಲೂ ಮೂರು ಸ್ಟಾಪ್ ದಾಟಲ್ಲ. ಇಷ್ಟಕ್ಕೆ ಹತ್ತು ಸ್ಟಾಪಿನ ಕಪ್ಪು ಗಾಜು ತಂದು, ಆಮೇಲೆ ಐಎಸ್ಒ ಏರಿಸಿಕೊಂಡು ಕೂರುವವರಿದ್ದಾರೆ.

ಫಿಲ್ಟರ್ ಮೇಲಿನ ಅಂಕಿಯಲ್ಲೂ ಒಂದು ಗೊಂದಲವಿದೆ. ಎನ್‌ಡಿ8 ಅಂದರೆ ಎಂಟು ಸ್ಟಾಪ್ ಅಲ್ಲ, ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ ಅಂತ. ಅದು ಮೂರು ಸ್ಟಾಪ್. ಎನ್‌ಡಿ4 ಎರಡು, ಎನ್‌ಡಿ64 ಆರು, ಎನ್‌ಡಿ1000 ಹತ್ತು. ಕೆಲವು ಕಂಪನಿಗಳು ಇದನ್ನೇ 0.6, 0.9, 1.8, 3.0 ಅಂತ ಬರೆಯುತ್ತವೆ. 0.3ಕ್ಕೆ ಒಂದು ಸ್ಟಾಪ್ ಅಂತ ನೆನಪಿಟ್ಟುಕೊಂಡರೆ ಸಾಕು. ಅಂಗಡಿಯಲ್ಲಿ ಯುವಿ ಫಿಲ್ಟರ್ ತೋರಿಸಿ "ಇದೂ ಬಿಸಿಲಿಗೇ" ಅಂದರೆ ನಂಬಬೇಡಿ. ಅದು ಲೆನ್ಸ್ ಮುಂದೆ ಇರುವ ಪಾರದರ್ಶಕ ಗಾಜು ಅಷ್ಟೇ, ಬೆಳಕನ್ನು ಕಡಿಮೆ ಮಾಡಲ್ಲ.

ಫಿಲ್ಟರ್ ಇಲ್ಲದೆಯೇ ಆಗುತ್ತಾ?

ತುಂಬಾ ಸಲ ಆಗುತ್ತೆ. ಅಂಗಳ ಬಿಟ್ಟು ಹತ್ತು ಹೆಜ್ಜೆ ನಡೆದು ಅಡಿಕೆ ತೋಟದೊಳಗೆ ಹೋಗಿ. ಸೋಗೆಯ ನೆರಳಲ್ಲಿ ಬೆಳಕು ಮೂರ್ನಾಲ್ಕು ಸ್ಟಾಪ್ ಇಳಿದಿರುತ್ತದೆ. ಎಫ್/1.4ರಲ್ಲೇ 1/800, 1/1600 ಸಿಗುತ್ತದೆ. ಯಾವ ಕ್ಯಾಮೆರಾದಲ್ಲಾದರೂ ಇದು ಆರಾಮ. ಮದುವೆ ಮುಂಚಿನ ಶೂಟ್‌ಗೆ ತೋಟವನ್ನೇ ಆರಿಸಿಕೊಂಡವರಿಗೆ ಎನ್‌ಡಿ ಚೀಲದಲ್ಲೇ ಉಳಿಯುವ ಸಾಮಾನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ ಕಡೆ ಮೋಡದ ಕೆಳಗೆ ಕೆಲಸ ಮಾಡುವವರಿಗೂ ಅಷ್ಟೇ. ಅಲ್ಲಿ ನಿಮಗೆ ಬೇಕಾಗಿರೋದು ಕೊಡೆ.

ತೋಟದ ಬೆಳಕಿನಲ್ಲಿ ಇನ್ನೊಂದು ತೊಂದರೆ ಇದೆ. ಸೋಗೆಯ ಸಂದಿಯಿಂದ ಇಳಿದ ಬಿಸಿಲು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ಹಣೆ ಬೆಳ್ಳಗೆ, ಕೆನ್ನೆ ಕತ್ತಲೆ. ಎನ್‌ಡಿ ಹಾಕಿದರೆ ಸರಿಹೋಗಬಹುದು ಅಂತ ಕೇಳುವವರು ಜಾಸ್ತಿ. ಹೋಗಲ್ಲ. ಕೂಲಿಂಗ್ ಗ್ಲಾಸ್ ಹಾಕಿಕೊಂಡ ಮಾತ್ರಕ್ಕೆ ಅಂಗಳದ ನೆರಳು ಮಾಯವಾಗುತ್ತಾ? ಎನ್‌ಡಿ ಬಿಸಿಲನ್ನೂ ನೆರಳನ್ನೂ ಒಂದೇ ಸಮ ಇಳಿಸುತ್ತದೆ. ನಡುಹಗಲಲ್ಲಿ ಕಣ್ಣಿನ ಕೆಳಗೆ ಬೀಳುವ ಕಪ್ಪು ಗುಳಿಗಳಿಗೂ ಅದು ಮದ್ದಲ್ಲ. ಅದಕ್ಕೆ ಜಾಗ ಬದಲಿಸಬೇಕು, ಇಲ್ಲ ಮೇಲೊಂದು ಬಿಳಿ ಬಟ್ಟೆ ಹಿಡಿಸಬೇಕು, ಇಲ್ಲ ಫ್ಲ್ಯಾಶ್ ತರಬೇಕು.

ಪರದೆ ಚಲಿಸದೆ ಸೆನ್ಸರ್ ಮೂಲಕವೇ ನಡೆಯುವ ಎಲೆಕ್ಟ್ರಾನಿಕ್ ಶಟರ್ ಇನ್ನೊಂದು ದಾರಿ. ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳಲ್ಲಿ 1/16000, ಕೆಲವದರಲ್ಲಿ 1/32000ವರೆಗೂ ಹೋಗುತ್ತದೆ. ಎಫ್/1.4ಕ್ಕೂ ಧಾರಾಳ ಸಾಕು. ಸುಮ್ನೆ ನಿಂತವರ ಫೋಟೊಗೆ ಖರ್ಚಿಲ್ಲದ ಉಪಾಯ ಇದೇ. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಸೆನ್ಸರ್ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ, ಜೋರಾಗಿ ಚಲಿಸುವುದು ಓರೆಯಾಗುತ್ತದೆ. ಓಡುವ ಮಗುವಿನ ಕಾಲು, ಸುತ್ತು ಹಾಕುವ ಯಕ್ಷಗಾನದ ವೇಷ, ಬೈಕಿನ ಚಕ್ರ ಎಲ್ಲ ವಾಲಿದಂತೆ ಬರಬಹುದು. ಎಲ್‌ಇಡಿ ದೀಪದ ಮಂಟಪದಲ್ಲಿ ಪಟ್ಟಿ ಪಟ್ಟಿ ಬರುತ್ತದೆ. ಫ್ಲ್ಯಾಶ್ ಕೂಡ ಸಾಮಾನ್ಯವಾಗಿ ಹೊಂದುವುದಿಲ್ಲ. ಸೋನಿ ಎ9 III ತರಹ ಇಡೀ ಸೆನ್ಸರನ್ನು ಒಂದೇ ಏಟಿಗೆ ಓದಿ 1/80000ವರೆಗೆ ಹೋಗುವ ಕ್ಯಾಮೆರಾ ಇದ್ದರೆ ಈ ತಾಪತ್ರಯ ಇಲ್ಲ. ಅದು ನಿಮ್ಮ ಹತ್ತಿರ ಇದ್ದರೆ ಈ ಲೇಖನ ನಿಮಗಲ್ಲ ಬಿಡಿ.

ಐಎಸ್ಒ 50 ಅಂತ ಮೆನುವಿನಲ್ಲಿ ಒಂದು 'ಲೋ' ಇರುತ್ತದಲ್ಲ, ಅದು ಹೆಚ್ಚಿನ ಕ್ಯಾಮೆರಾಗಳಲ್ಲಿ ಬರೀ ಸಮಾಧಾನ. ಸೆನ್ಸರ್‌ಗೆ ಬೀಳುವ ಬೆಳಕು ಕಡಿಮೆಯಾಗುವುದಿಲ್ಲ. ಜಾಸ್ತಿ ಬೆಳಕಲ್ಲಿ ತೆಗೆದು ಆಮೇಲೆ ಇಳಿಸುವುದರಿಂದ ಬಿಳಿ ಭಾಗ ಇನ್ನೂ ಬೇಗ ಹಾಳಾಗುತ್ತದೆ. ನಿಕಾನ್ ಡಿ850, ಜ಼ಡ್8 ತರಹದವುಗಳ ಐಎಸ್ಒ 64 ಮಾತ್ರ ನಿಜವಾದದ್ದು. ಅಲ್ಲಿ ಮುಕ್ಕಾಲಿಗೆ ಹತ್ತಿರ ಸ್ಟಾಪ್ ನಿಜವಾಗಿ ಸಿಗುತ್ತದೆ.

ಇನ್ನು ಎಫ್/2.8ಕ್ಕೆ ಮುಚ್ಚುವುದು. 85 ಎಂಎಂ ಲೆನ್ಸ್‌ನಲ್ಲಿ ಎದೆಯವರೆಗಿನ ಫೋಟೊ ತೆಗೆಯುವಾಗ ಹಿಂದಿನ ಗುಡ್ಡ ಎಫ್/2.8ರಲ್ಲೂ ಕರಗಿಯೇ ಇರುತ್ತದೆ. ಎರಡೂ ಕಣ್ಣು ಶಾರ್ಪ್ ಬರುತ್ತವೆ, ಅದು ಲಾಭ. "1.4ಕ್ಕೆ ದುಡ್ಡು ಕೊಟ್ಟಿದ್ದೀನಿ, 1.4ರಲ್ಲೇ ತೆಗೀತೀನಿ" ಅನ್ನುವ ಹಟ ನನಗೆ ಅರ್ಥವಾಗುತ್ತದೆ. ಆದರೆ ಆ ಹಟಕ್ಕೆ ಯಾವಾಗಲೂ ಫಿಲ್ಟರ್ ಬೇಕಂತಿಲ್ಲ. 35 ಎಂಎಂ ಲೆನ್ಸ್‌ನಲ್ಲಿ ಪೂರ್ತಿ ಆಳಿನ ಫೋಟೊ ತೆಗೆಯುವವರ ಕಥೆ ಬೇರೆ. ಅಲ್ಲಿ 1.4ಕ್ಕೂ 2.8ಕ್ಕೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅವರೇ ಎನ್‌ಡಿ8ರ ಸರಿಯಾದ ಗಿರಾಕಿ.

ಎನ್‌ಡಿ8: ಫ್ಲ್ಯಾಶ್ ಇಲ್ಲದೆ ಫೋಟೊ ತೆಗೆಯುವವರಿಗೆ

ಮೂರು ಸ್ಟಾಪ್. ಎಫ್/1.4ರಲ್ಲಿ 1/12800 ಇದ್ದದ್ದು 1/1600 ಆಗುತ್ತದೆ. ಕೈಯಲ್ಲಿ ಹಿಡಿದು ತೆಗೆಯಲು, ನಡೆಯುವವರನ್ನು ನಿಲ್ಲಿಸಲು ಇದು ಹೇಳಿ ಮಾಡಿಸಿದ ವೇಗ. ಮೋಡ ಅಡ್ಡ ಬಂದರೂ ಐಎಸ್ಒ ಏರಿಸಬೇಕಾಗಲ್ಲ. ಎನ್‌ಡಿ4 ಸಾಕಾಗುವ ಕಡೆಯೂ ನಾನು ಎನ್‌ಡಿ8 ಅನ್ನುತ್ತೇನೆ. ಅದಕ್ಕೊಂದು ಕಾರಣವಿದೆ.

ಈಗಿನ ಎಷ್ಟೋ ಮಿರರ್‌ಲೆಸ್‌ಗಳಲ್ಲಿ ಶಟರ್‌ನ ಎರಡು ಪರದೆಗಳಲ್ಲಿ ಮೊದಲನೆಯದು ಎಲೆಕ್ಟ್ರಾನಿಕ್, ಎರಡನೆಯದು ಮೆಕ್ಯಾನಿಕಲ್ ಆಗಿರುವ ಸೆಟ್ಟಿಂಗ್ ಇರುತ್ತದೆ. ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ. ಎಫ್/1.4ರಲ್ಲಿ 1/4000, 1/8000ಕ್ಕೆ ಹೋದಾಗ ಈ ಎರಡು ಪರದೆ ಸರಿಯಾಗಿ ಹೊಂದುವುದಿಲ್ಲ. ಮದುಮಗಳ ಹಿಂದೆ ಅಡಿಕೆ ಸೋಗೆಯ ಸಂದಿಯಲ್ಲಿ ಆಕಾಶದ ತುಣುಕುಗಳು ದುಂಡು ದುಂಡಾಗಿ ಹೊಳೆಯುತ್ತಿರುತ್ತವಲ್ಲ, ಅವನ್ನು ದೊಡ್ಡದು ಮಾಡಿ ನೋಡಿ. ಒಂದು ಕಡೆ ಕತ್ತರಿಸಿದ ಹಾಗೆ ಚಪ್ಪಟೆಯಾಗಿರುತ್ತವೆ. ಲೆನ್ಸ್ ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ. ಮೆನುವಿನಲ್ಲಿ ಪೂರ್ತಿ ಮೆಕ್ಯಾನಿಕಲ್ ಶಟರ್ ಆರಿಸಿ. ಕ್ಯಾಮೆರಾದಲ್ಲಿ ಆ ಆಯ್ಕೆಯೇ ಇಲ್ಲದಿದ್ದರೆ ಎನ್‌ಡಿ8 ಹಾಕಿ 1/2000ದ ಕೆಳಗೆ ಇಳಿಯಿರಿ. ದುಂಡು ದುಂಡಾಗಿಯೇ ಬರುತ್ತದೆ.

ಮೂರು ಸ್ಟಾಪಿನ ಗಾಜಿನಲ್ಲಿ ಬಣ್ಣ ಕೆಡುವುದೂ ಕಡಿಮೆ, ಆಟೊಫೋಕಸ್ ತಡಕಾಡುವುದೂ ಇಲ್ಲ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್ ಸ್ವಲ್ಪ ಮಬ್ಬಾಗುತ್ತದೆ, ಕೆಲಸ ನಿಲ್ಲುವಷ್ಟಲ್ಲ. ಮಿರರ್‌ಲೆಸ್‌ನಲ್ಲಿ ಅದೂ ಗೊತ್ತಾಗಲ್ಲ. ಫುಜಿ ಎಕ್ಸ್100ವಿ ಇದ್ದವರಿಗೆ ನಾಲ್ಕು ಸ್ಟಾಪಿನ ಎನ್‌ಡಿ ಕ್ಯಾಮೆರಾದೊಳಗೇ ಇದೆ. ಬಟನ್ ಹುಡುಕಿಕೊಳ್ಳಿ, ದುಡ್ಡು ಉಳಿಸಿ.

ಸಿಪಿಎಲ್: ಎಫ್/1.8 ಇದ್ದವರು ಇದನ್ನು ಮೊದಲು ಯೋಚಿಸಿ

ಸಿಪಿಎಲ್, ಅಂದರೆ ಹೊಳಪು ಇಳಿಸುವ ಪೋಲರೈಸರ್ ಫಿಲ್ಟರ್, ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ. 1/4000 ಕ್ಯಾಮೆರಾ, ಎಫ್/1.8 ಲೆನ್ಸ್ ಇದ್ದವರಿಗೆ ಬೆಳಕು ಜಾಸ್ತಿಯಾಗುವುದು ಒಂದು ಸ್ಟಾಪ್ ಅಂತ ಮೇಲೆ ನೋಡಿದೆವಲ್ಲ. ಅಲ್ಲಿಗೆ ಲೆಕ್ಕ ಮುಗಿಯಿತು. ಅದರ ಮೇಲೆ ಮಲೆನಾಡಿನಲ್ಲಿ ಇದಕ್ಕೆ ಎನ್‌ಡಿಗಿಂತ ಜಾಸ್ತಿ ಕೆಲಸವೂ ಇದೆ. ಅಡಿಕೆ, ಬಾಳೆ, ಏಲಕ್ಕಿ ಎಲೆ ಬಿಸಿಲಿಗೆ ಬೆಳ್ಳಗೆ ಮಿಂಚುತ್ತದೆ. ರಿಂಗ್ ತಿರುಗಿಸಿದರೆ ಆ ಮಿಂಚು ಹೋಗಿ ಒಳಗಿನ ಹಸಿರು ಹೊರಗೆ ಬರುತ್ತದೆ. ಸಕ್ರೆಬೈಲಿನಲ್ಲಿ ಬೆಳಿಗ್ಗೆ ಆನೆಗಳಿಗೆ ಸ್ನಾನ ಮಾಡಿಸುವಾಗ ತುಂಗೆಯ ನೀರಿನ ಮೇಲಿನ ಹೊಳಪು ಮತ್ತು ಒದ್ದೆ ಚರ್ಮದ ಹೊಳಪು ಎರಡನ್ನೂ ಎಷ್ಟು ಬೇಕೋ ಅಷ್ಟು ಇಳಿಸಬಹುದು. ಎನ್‌ಡಿ ಇದನ್ನು ಮಾಡಲಾರದು.

ಪೂರ್ತಿ ತಿರುಗಿಸುವುದು ಮಾತ್ರ ಬೇಡ. ಮುಖದ ಹೊಳಪನ್ನೆಲ್ಲ ತೆಗೆದರೆ ಚರ್ಮ ಮಣ್ಣಿನ ಹಾಗೆ ಕಾಣುತ್ತದೆ. ರೇಷ್ಮೆ ಸೀರೆಯ ಹೊಳಪೂ ಮಂಕಾಗಬಹುದು. ಮದುಮಗಳ ಅಮ್ಮ ಆ ಫೋಟೊ ನೋಡಿ ಸುಮ್ಮನಿರಲ್ಲ. ಕ್ಯಾಮೆರಾ ಅಡ್ಡದಿಂದ ಉದ್ದಕ್ಕೆ ತಿರುಗಿಸಿದಾಗಲೆಲ್ಲ ರಿಂಗನ್ನೂ ತಿರುಗಿಸಬೇಕು. ಮರೆತರೆ ಒಂದೊಂದು ಫೋಟೊದ ಹಸಿರು ಒಂದೊಂದು ತರಹ.

ಎನ್‌ಡಿ64: ಬಿಸಿಲಲ್ಲಿ ಫ್ಲ್ಯಾಶ್ ಹೊಡೆಯುವವರಿಗೆ

ನಡುಹಗಲಲ್ಲಿ ಅಂಗಳದಲ್ಲೇ ಫೋಟೊ ಬೇಕು, ಹಿಂದೆ ಒಣಗಲು ಹರಡಿದ ಅಡಿಕೆ ಕಾಣಬೇಕು, ಮುಖಕ್ಕೆ ಒಳ್ಳೆಯ ಬೆಳಕೂ ಬೇಕು. ಫ್ಲ್ಯಾಶ್ ತರಲೇಬೇಕು. ಹೆಚ್ಚಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಜೊತೆಗೆ ಶಟರ್ 1/200 ಅಥವಾ 1/250 ದಾಟುವಂತಿಲ್ಲ. ಎಫ್/1.4ರಲ್ಲಿ 1/12800ರಿಂದ 1/200ಕ್ಕೆ ಇಳಿಯಲು ಆರು ಸ್ಟಾಪ್ ಬೇಕು. ಅದೇ ಎನ್‌ಡಿ64. ಎಫ್/2ರಲ್ಲಿ ಐದು ಸ್ಟಾಪ್, ಎಫ್/2.8ರಲ್ಲಿ ನಾಲ್ಕು. ಎಫ್/2ರಲ್ಲಿ ಎನ್‌ಡಿ64 ಹಾಕಿದರೆ ಆಕಾಶ ಒಂದು ಸ್ಟಾಪ್ ಗಾಢವಾಗುತ್ತದೆ. ನನ್ನ ಕಣ್ಣಿಗೆ ಅದು ಇನ್ನೂ ಚೆಂದ.

ಇದಕ್ಕೆ ಎದುರು ನಿಲ್ಲುವುದು ಹೈ ಸ್ಪೀಡ್ ಸಿಂಕ್. ಫ್ಲ್ಯಾಶ್ ಹೊತ್ತಿಸುವ ಟ್ರಿಗರ್‌ನಲ್ಲಿ ಒಂದು ಬಟನ್ ಒತ್ತಿದರೆ 1/8000ದಲ್ಲೂ ಫ್ಲ್ಯಾಶ್ ಕೆಲಸ ಮಾಡುತ್ತದೆ. ಗಾಜು ಹಾಕುವ, ತೆಗೆಯುವ ಗೋಜಿಲ್ಲ, ವ್ಯೂಫೈಂಡರ್ ಕಪ್ಪಾಗಲ್ಲ. ಆದರೆ ಶಟರ್ ಸಂದಿ ಸೆನ್ಸರ್ ಮೇಲೆ ಸರಿದು ಹೋಗುವಷ್ಟು ಹೊತ್ತೂ ಫ್ಲ್ಯಾಶ್ ಬಿಟ್ಟು ಬಿಟ್ಟು ಮಿನುಗುತ್ತಲೇ ಇರಬೇಕು. ಅದರ ಶಕ್ತಿಯಲ್ಲಿ ಬಹುಪಾಲು ಪೋಲಾಗುತ್ತದೆ. ಕ್ಯಾಮೆರಾ ಮೇಲೆ ಕೂರುವ ಚಿಕ್ಕ ಸ್ಪೀಡ್‌ಲೈಟ್ ಆದರೆ ನಡುಹಗಲ ಬಿಸಿಲಿನೆದುರು ಸೋಲುತ್ತದೆ, ಬಿಸಿಯಾಗಿ ನಡುವೆ ನಿಂತೂಬಿಡಬಹುದು.

ಎನ್‌ಡಿ ಹಾಕಿದರೆ ಫ್ಲ್ಯಾಶ್‌ಗೆ ಬಿಟ್ಟಿ ಶಕ್ತಿ ಬರುತ್ತದೆ ಅಂದುಕೊಳ್ಳಬೇಡಿ. ಆ ಗಾಜು ಫ್ಲ್ಯಾಶ್ ಬೆಳಕನ್ನೂ ಆರು ಸ್ಟಾಪ್ ಇಳಿಸುತ್ತದೆ. ಎಫ್/1.4 ಲೆನ್ಸ್ ಈಗ ಬೆಳಕಿನ ಮಟ್ಟಿಗೆ ಎಫ್/11 ಇದ್ದ ಹಾಗೆ, ಬ್ಲರ್ ಮಾತ್ರ 1.4ರದ್ದು. ಆದರೆ ಫ್ಲ್ಯಾಶ್ ಒಂದೇ ಏಟಿಗೆ ತನ್ನ ಪೂರ್ತಿ ಬಲ ಕೊಡುತ್ತದಲ್ಲ, ಅದೇ ಗೆಲುವು. ಹಾಗಾಗಿ ಕೈಲಿರುವುದು ಚಿಕ್ಕ ಸ್ಪೀಡ್‌ಲೈಟ್ ಆದರೆ ಎನ್‌ಡಿ ಹಾಕಿ ಸಾಧಾರಣ ಸಿಂಕ್‌ನಲ್ಲಿ (1/200, 1/250) ಹೊಡೆಯಿರಿ, ಫ್ಲ್ಯಾಶನ್ನು ಮುಖದ ಹತ್ತಿರ ತನ್ನಿ. 400, 600 ವ್ಯಾಟ್-ಸೆಕೆಂಡಿನ ದೊಡ್ಡ ಲೈಟ್ ಹೊತ್ತು ತರುವ ಹುಡುಗ ಜೊತೆಗಿದ್ದರೆ ಹೈ ಸ್ಪೀಡ್ ಸಿಂಕ್ ಬಳಸಿ, ಕೆಲಸ ಬೇಗ ಆಗುತ್ತದೆ.

ಎನ್‌ಡಿ64ಕ್ಕೆ ಇನ್ನೊಂದು ಉಪಯೋಗ ಇದೆ, ಅದಕ್ಕೇ ಎರಡನೇ ಗಾಜು ಬೇಕೆನಿಸಿದರೆ ಇದೇ ಇರಲಿ ಅನ್ನುವುದು. ಎಫ್/11, ಐಎಸ್ಒ 100, ಬಿಸಿಲಲ್ಲಿ 1/200 ಇದ್ದದ್ದು ಇದನ್ನು ಹಾಕಿದಾಗ ಸೆಕೆಂಡಿನ ಮೂರನೇ ಒಂದು ಭಾಗವಾಗುತ್ತದೆ. ಜೋಗದ ನೀರು ಎಳೆ ಎಳೆಯಾಗಿ ಬರಲು ಅಷ್ಟು ಸಾಕು. ಮೋಡ ಇದ್ದರೆ ಇನ್ನೂ ನಿಧಾನಕ್ಕೆ ಹೋಗಬಹುದು. ಟ್ರೈಪಾಡ್ ಬೇಕು, ತುಂತುರು ಒರೆಸಲು ಒಣ ಬಟ್ಟೆಯೂ ಬೇಕು. ಜಲಪಾತಕ್ಕೆ ಎಫ್/1.4 ಲೆನ್ಸ್ ಬೇಕಾಗಿಲ್ಲ, ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಆದರೂ ನಡೆಯುತ್ತದೆ. ಎನ್‌ಡಿ1000 ಪೂರ್ತಿ ಬೇರೆ ಕೆಲಸದ ಗಾಜು, ಲಿಂಗನಮಕ್ಕಿ ಹಿನ್ನೀರನ್ನು ಹಗಲಲ್ಲೇ ನುಣ್ಣಗೆ ಮಾಡುವವರಿಗೆ. ಮುಖ ತೆಗೆಯುವವರು ಅದರ ಕಡೆ ನೋಡಲೂ ಬೇಡಿ.

ವೇರಿಯಬಲ್ ಎನ್‌ಡಿ: ವಿಡಿಯೊದವರಿಗೆ, ಅದೂ ಸರಿಯಾದ ಅಂಕಿಯದ್ದು

ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಲು ಫ್ರೇಮ್ ರೇಟಿನ ಎರಡರಷ್ಟು ಶಟರ್ ಇಡುತ್ತಾರೆ. 25 ಫ್ರೇಮ್‌ಗೆ 1/50. ಎಫ್/1.8ರಲ್ಲಿ 1/8000ರಿಂದ 1/50ಕ್ಕೆ ಬರಲು ಏಳು ಸ್ಟಾಪ್‌ಗೂ ಜಾಸ್ತಿ ಬೇಕು. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದು ಮಂಕಾಗಿ ರೆಕಾರ್ಡ್ ಮಾಡುವ ಪ್ರೊಫೈಲ್) ತೆಗೆಯುವವರ ಕ್ಯಾಮೆರಾ ಐಎಸ್ಒ 800ರ ಕೆಳಗೆ ಇಳಿಯದಿದ್ದರೆ ಇನ್ನೂ ಮೂರು ಸ್ಟಾಪ್ ಸೇರಿಸಿ. ಹತ್ತು ದಾಟಿತು! ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವ 2ರಿಂದ 5 ಸ್ಟಾಪಿನ ವೇರಿಯಬಲ್ ತಂದು "ಇನ್ನೂ ಬೆಳ್ಳಗೇ ಬರ್ತಿದೆ" ಅನ್ನುವವರ ಸಮಸ್ಯೆ ಇದೇ. ಸಾಧಾರಣ ಪ್ರೊಫೈಲ್‌ನಲ್ಲಿ ಎಫ್/4 ಇಟ್ಟು ತೆಗೆಯುವವರಿಗೆ ಬೇಕಾಗಿರೋದು ಐದು ಸ್ಟಾಪ್, ಅವರಿಗೆ ಅದು ಸರಿ. ಲಾಗ್ ಬಳಸುವವರು 6ರಿಂದ 9ರದ್ದನ್ನು ತಗೊಂಡು, ಬಿಸಿಲಲ್ಲಿ ಎಫ್/2.8ರಿಂದ 4ರ ನಡುವೆ ಇರಿ.

ಫಿಕ್ಸೆಡ್ ಗಾಜಿಗಿಂತ ಇದು ಗೆಲ್ಲುವುದು ಬೆಳಕು ಬದಲಾಗುವ ಕಡೆ. ಮದುವೆ ದಿಬ್ಬಣ ಅಂಗಳದಿಂದ ಚಪ್ಪರದೊಳಗೆ ಬರುತ್ತದೆ, ಕ್ಯಾಮೆರಾ ಜೊತೆಗೇ ಬರಬೇಕು. ಗಾಜು ಬಿಚ್ಚುವಷ್ಟು ಹೊತ್ತು ಯಾರೂ ಕಾಯಲ್ಲ. ರಿಂಗ್ ತಿರುಗಿಸಿದರೆ ಆಯಿತು.

ಆದರೆ ವೇರಿಯಬಲ್ ಅಂದರೆ ಒಂದರ ಮೇಲೊಂದು ಇಟ್ಟ ಎರಡು ಪೋಲರೈಸರ್. ಸಿಪಿಎಲ್‌ನ ಎಲ್ಲ ಗುಣವೂ ಇದರಲ್ಲಿದೆ, ನಿಮಗೆ ಬೇಡದಿದ್ದಾಗಲೂ. ಬೆಳಕಿಗಾಗಿ ತಿರುಗಿಸಿದರೆ ಎಲೆಯ ಮಿಂಚು, ಮುಖದ ಹೊಳಪು, ಆಕಾಶದ ನೀಲಿ ಎಲ್ಲ ಅದರ ಪಾಡಿಗೆ ಬದಲಾಗುತ್ತವೆ. ಅಗಲದ ಲೆನ್ಸ್‌ನಲ್ಲಿ ಕೊನೆಯವರೆಗೆ ತಿರುಗಿಸಿದರೆ ಫ್ರೇಮ್ ಮೇಲೆ ಕಪ್ಪು ಎಕ್ಸ್ ಗುರುತು ಮೂಡುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ. ನಿಮ್ಮ ಅತಿ ಅಗಲದ ಲೆನ್ಸ್‌ಗೆ ಹಾಕಿ, ಬಿಳಿ ಗೋಡೆಗೆ ಹಿಡಿದು, ನಿಧಾನಕ್ಕೆ ತಿರುಗಿಸಿ. ಮೂಲೆಗಳು ಯಾವ ಅಂಕಿಯಿಂದ ಕಪ್ಪಾಗತೊಡಗಿದವೋ ಅಲ್ಲಿಗೆ ಆ ಫಿಲ್ಟರ್ ಮುಗಿಯಿತು, ಡಬ್ಬದ ಮೇಲೆ ಏನೇ ಬರೆದಿರಲಿ. ಕೊನೆಯಲ್ಲಿ ತಡೆ ಇರುವ ರಿಂಗ್ ಇದ್ದರೆ ಒಳ್ಳೆಯದು. ಫೋಟೊಗೆ ಮಾತ್ರ ಎನ್‌ಡಿ ಬೇಕು ಅನ್ನುವವರಿಗೆ ವೇರಿಯಬಲ್ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ತಗೊಳ್ಳುವಾಗ

ದಟ್ಟವಾದ ಎನ್‌ಡಿಗಳಲ್ಲಿ ಇನ್‌ಫ್ರಾರೆಡ್ ತೊಂದರೆ ಇದೆ. ಗಾಜು ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆ, ಇನ್‌ಫ್ರಾರೆಡ್ ಸೋರಿಕೊಂಡು ಸೆನ್ಸರ್ ಸೇರುತ್ತದೆ. ಕಪ್ಪು ಕೋಟು ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರೆಲೆ ಇನ್‌ಫ್ರಾರೆಡ್ಡನ್ನು ಜೋರಾಗಿ ಹಿಂದಕ್ಕೆ ಎರಚುವುದರಿಂದ ನಮ್ಮ ಕಾಡು ತೋಟಗಳ ಹಸಿರು ಕೂಡ ಮಂಕಾಗಿ ಕೆಂಪಡರಿದ ಹಾಗೆ ಬರಬಹುದು. ಎನ್‌ಡಿ8ರಲ್ಲಿ ಇದು ಲೆಕ್ಕಕ್ಕಿಲ್ಲ. ಎನ್‌ಡಿ64 ಮತ್ತು ಅದರ ಮೇಲಿನದ್ದಕ್ಕೆ ಐಆರ್ ತಡೆ ಇದೆಯಾ ಅಂತ ಕೇಳಿ ತಗೊಳ್ಳಿ.

ಫಿಲ್ಟರ್ ಅಳತೆ ಎಲ್ಲ ಲೆನ್ಸ್‌ಗೂ ಒಂದೇ ಅಲ್ಲ. ಕ್ಯಾನನ್ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂಗೆ 49, ನಿಕಾನ್ ಎಎಫ್-ಎಸ್ 50 ಎಂಎಂ ಎಫ್/1.8ಜಿಗೆ 58, ಸೋನಿ 85 ಎಂಎಂ ಎಫ್/1.8ಕ್ಕೆ 67 ಎಂಎಂ. ಇರುವುದರಲ್ಲಿ ದೊಡ್ಡ ಲೆನ್ಸ್‌ನ ಅಳತೆಗೆ ಒಂದು ಒಳ್ಳೆಯ ಗಾಜು ತಗೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಚಿಕ್ಕ ಲೆನ್ಸ್‌ಗೆ ದೊಡ್ಡ ಗಾಜು ಕೂರಿಸುವ ಬಳೆ) ಹಾಕಿ. ರಿಂಗ್ ಹಾಕಿದಾಗ ಲೆನ್ಸ್ ಹುಡ್ ಕೂರಲ್ಲ, ಬಿಸಿಲು ಗಾಜಿಗೆ ಬೀಳದ ಹಾಗೆ ಕೈ ಅಡ್ಡ ಹಿಡಿಯಬೇಕು. ಯುವಿ ಮೇಲೆ ಎನ್‌ಡಿ, ಅದರ ಮೇಲೆ ಸಿಪಿಎಲ್ ಅಂತ ಪೇರಿಸಬೇಡಿ, ಮೂಲೆ ಕಪ್ಪಾಗುತ್ತದೆ. ಆಗುಂಬೆಯ ಸೂರ್ಯಾಸ್ತದ ಹಾಗೆ ಸೂರ್ಯನೇ ಫ್ರೇಮಿನೊಳಗೆ ಇದ್ದಾಗ ಗಾಜು ಬಿಚ್ಚಿಡಿ. ಆ ಹೊತ್ತಿಗೆ ಬೆಳಕೂ ಇಳಿದಿರುತ್ತದೆ, ಚಪ್ಪಟೆ ಗಾಜು ಸೂರ್ಯನ ಇನ್ನೊಂದು ಬಿಂಬವನ್ನು ಸುಮ್ನೆ ತಂದು ಕೂರಿಸುತ್ತದೆ.

ಹಳೇ ಸಾಮಾನು ಕೊಳ್ಳುವಾಗ ಡಬ್ಬ ಇಲ್ಲದ ಕಪ್ಪು ಗಾಜು ಎನ್‌ಡಿಯೋ ಸಿಪಿಎಲ್ಲೋ ಗೊತ್ತಾಗದಿದ್ದರೆ, ಮೊಬೈಲ್ ಸ್ಕ್ರೀನ್ ಹಚ್ಚಿ ಅದರ ಮುಂದೆ ಗಾಜನ್ನು ತಿರುಗಿಸಿ ನೋಡಿ. ಆಮೇಲೆ ಗಾಜಿನ ಮುಖ ಹಿಂದುಮುಂದು ಮಾಡಿ ಇನ್ನೊಮ್ಮೆ ತಿರುಗಿಸಿ. ಒಂದು ಕಡೆಯಿಂದಲಾದರೂ ಸ್ಕ್ರೀನ್ ಮಬ್ಬಾಗಿ ಮತ್ತೆ ಬೆಳಗಿದರೆ ಅದು ಪೋಲರೈಸರ್. ಎರಡೂ ಕಡೆಯಿಂದ ಒಂದೇ ಸಮ ಕಂಡರೆ ಎನ್‌ಡಿ. ಥ್ರೆಡ್ ಸಿಕ್ಕಿಹಾಕಿಕೊಂಡು ಬಿಚ್ಚಲು ಬಾರದಿದ್ದರೆ ಬೆರಳಿಂದ ಗಟ್ಟಿಯಾಗಿ ಹಿಂಡಬೇಡಿ. ಹಿಂಡಿದಷ್ಟೂ ರಿಂಗ್ ಓರೆಯಾಗಿ ಇನ್ನೂ ಬಿಗಿಯಾಗುತ್ತದೆ. ಅಂಚಿಗೆ ಒಂದು ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಅಂಗೈಯಿಂದ ಹಗುರವಾಗಿ ಒತ್ತಿ ತಿರುಗಿಸಿದರೆ ಬರುತ್ತದೆ.